ತೊಟ್ಟಿಲು ನಡೆದ ಹೆಜ್ಜೆಗಳು

ನಮ್ಮೂರಿನಲ್ಲಿ ಹೆಂಗಸರು ಸುಮ್ಮನೆ ನಡೆಯುವುದಿಲ್ಲ. ಸೊಪ್ಪಿಗೆ ಹೋಗುತ್ತಾರೆ, ಡೇರಿಗೆ ಹೋಗುತ್ತಾರೆ, ಹಿಟ್ಟಿನ ಗಿರಣಿಗೆ ಹೋಗುತ್ತಾರೆ. ಕೈಯಲ್ಲಿ ಕುಡುಗೋಲೋ ಕ್ಯಾನೋ ಚೀಲವೋ ಇದ್ದೇ ಇರುತ್ತದೆ. ಬರಿಗೈಯಲ್ಲಿ ಹೊರಟರೆ ಯಾವುದಾದರೂ ಜಗಲಿಯಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ಹಾಗಿರುವಾಗ ಮೈಸೂರಿನ ಡಾಕ್ಟರು, ದಿನಾ ಸಂಜೆ ಅರ್ಧ ಗಂಟೆ ಸುಮ್ಮನೆ ನಡೆಯಬೇಕು ಎಂದಾಗ ನನಗೆ ಕಾಯಿಲೆಗಿಂತ ಅದೇ ದೊಡ್ಡ ಚಿಂತೆಯಾಯಿತು. ಎಲ್ಲಿಗೆ ಎಂದು ಕೇಳಿದರೆ ಏನು ಹೇಳಲಿ?

ನಾನು ಒಂದು ಖಾಲಿ ಬುಟ್ಟಿ ಹಿಡಿದುಕೊಂಡೆ. ನಮ್ಮೂರು ಧನಗೆರೆಯ ಬೀದಿಯಲ್ಲಿ ಆ ಕಡೆಗೆ ಹೋಗುವಾಗ ಖಾಲಿ ಬುಟ್ಟಿ, ಈ ಕಡೆಗೆ ಬರುವಾಗಲೂ ಖಾಲಿ ಬುಟ್ಟಿ. ನಾಲ್ಕನೇ ದಿನಕ್ಕೆ ಒಬ್ಬಾಕೆ, ಸೊಪ್ಪು ಸಿಗಲಿಲ್ವಾ ಅಕ್ಕ ಎಂದು ಕೇಳಿ ತನ್ನ ಮಡಿಲಿನಿಂದ ಎರಡು ಹಿಡಿ ಅವರೆಕಾಯಿ ಹಾಕಿ ಕಳಿಸಿದಳು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಅವರೆಕಾಯಿ ಸಾರು. ನಿಮ್ಮಪ್ಪ ಇನ್ನೊಂದು ಮುದ್ದೆ ಹಾಕಿಸಿಕೊಂಡು, ನಾಳೆಯೂ ನಡೀರಿ ಅವ್ವ ಅಂದ.

ಮೊಮ್ಮಕ್ಕಳೇ, ಇದನ್ನು ನಾನು ಬಾಯಲ್ಲಿ ಹೇಳಬಹುದಿತ್ತು. ಆದರೆ ನನ್ನ ಬಾಯಿ ನಿಮಗೆ ಗೊತ್ತೇ ಇದೆ. ಯಳಂದೂರಿನ ಪಕ್ಕದ ನನ್ನ ತವರೂರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದೆ. ಅಷ್ಟು ವರ್ಷವೂ ಮೇಷ್ಟ್ರು ಹಾಜರಿ ಕೂಗಿದಾಗ ನನ್ನ ಪರವಾಗಿ ಪಕ್ಕದ ಹುಡುಗಿಯೇ ಹಾಜರ್ ಎನ್ನುತ್ತಿದ್ದಳು. ಬರೆಯುವುದಕ್ಕೆ ಮಾತ್ರ ನನಗೆ ನಾಚಿಕೆಯಿಲ್ಲ. ಕಾಗದ ನಮ್ಮ ಮುಖ ನೋಡುವುದಿಲ್ಲವಲ್ಲ.

ಈಗ ಕಾಯಿಲೆಯ ಮಾತು. ನಿಮ್ಮಲ್ಲಿ ಚಿಕ್ಕವನು ಹುಟ್ಟಿ ಒಂದು ತಿಂಗಳಾಗಿತ್ತು. ನಿಮ್ಮ ತಾತ ಹೋಗಿ ಆರು ವರ್ಷ. ನನ್ನ ಬಲ ಎದೆಯಲ್ಲಿ ಒಂದು ಗಂಟು ಇರುವುದು ನನಗೆ ಯುಗಾದಿಯಿಂದಲೇ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ನಿಮ್ಮಮ್ಮ ಬಾಣಂತಿ, ನಾನೇ ಅವಳಿಗೆ ಎಣ್ಣೆ ಹಚ್ಚಿ ನೀರು ಹುಯ್ಯುತ್ತಿದ್ದೆ. ಒಂದು ದಿನ ಅವಳೇ ನನ್ನ ಕೈ ಹಿಡಿದು, ಬಲಗೈ ಎತ್ತುವಾಗ ಯಾಕೆ ಮುಖ ಕಿವುಚುತ್ತೀರಿ ಎಂದು ಕೇಳಿದಳು. ಬಾಣಂತಿಯ ಕಣ್ಣು ತಪ್ಪಿಸುವುದು ಕಷ್ಟ. ಮಾರನೆಯ ದಿನ ಕಾಮಗೆರೆಯ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ. ಆಪರೇಷನ್ ಆಯಿತು. ಆಮೇಲೆ ಬಾಟಲಿಯಲ್ಲಿ ಏರಿಸುವ ಔಷಧಿ, ಕೂದಲೆಲ್ಲ ಉದುರುವ ಔಷಧಿ. ಅದರ ಜೊತೆಗೇ ಶುರುವಾಗಿ, ಅದು ಮುಗಿದ ಮೇಲೂ, ಮೂರು ವಾರಕ್ಕೊಂದರಂತೆ ಒಂದು ವರ್ಷ ಒಂದು ಸೂಜಿ. ಈ ಸೂಜಿಯಿಂದ ಕೂದಲು ಉದುರುವುದಿಲ್ಲ, ವಾಂತಿಯಿಲ್ಲ. ಹೊಸ ಕೂದಲು ಗುಂಗುರು ಗುಂಗುರಾಗಿ ಬಂತು. ನಿಮ್ಮಲ್ಲಿ ದೊಡ್ಡವಳು ಅದನ್ನು ಮುಟ್ಟಿ ನೋಡಿ, ಅಜ್ಜಿಗೆ ಕುರಿಮರಿ ಕೂದಲು ಎಂದು ಕುಣಿದಳು.

ಆದರೆ ಆ ಸೂಜಿಯಲ್ಲಿ ಒಂದು ತೊಡಕಿತ್ತು. ಡಾಕ್ಟರಮ್ಮ ನನಗೆ ಅದನ್ನು ನಿಧಾನವಾಗಿ ಹೇಳಿದರು. ಅವರಿಗೆ ಮೂವತ್ತೋ ಮೂವತ್ತೆರಡೋ ವಯಸ್ಸು, ಕನ್ನಡಕ ಮೂಗಿನ ತುದಿಯಲ್ಲಿ ನಿಲ್ಲುತ್ತಿತ್ತು. ಕ್ಯಾನ್ಸರನ್ನು ಓಡಿಸುವ ಈ ಔಷಧಿ ಕೆಲವರಲ್ಲಿ ಹೃದಯವನ್ನೂ ಸುಸ್ತು ಮಾಡುತ್ತದೆ. ರಕ್ತವನ್ನು ತಳ್ಳುವ ಅದರ ಬಲ ಕಡಿಮೆಯಾಗುತ್ತದೆ. ಬೇಗ ಗೊತ್ತಾದರೆ ಸೂಜಿಯನ್ನು ಸ್ವಲ್ಪ ದಿನ ನಿಲ್ಲಿಸಿ ಮಾತ್ರೆ ಕೊಡುತ್ತಾರೆ, ಹೆಚ್ಚಿನವರಲ್ಲಿ ಹೃದಯ ಮತ್ತೆ ಸರಿಹೋಗುತ್ತದೆ. ಅದಕ್ಕೇ ಆಗಾಗ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿ ನೋಡಬೇಕು. ಅವರು ಒಂದು ಸಂಶೋಧನೆಯನ್ನೂ ನಡೆಸುತ್ತಿದ್ದರು. ಸೂಜಿ ತೆಗೆದುಕೊಳ್ಳುವಾಗಲೇ ದಿನಾ ನಡೆದರೆ ಹೃದಯಕ್ಕೆ ಬಲ ಬರುತ್ತದೆಯೇ, ಹಳ್ಳಿಯ ಹೆಂಗಸರಲ್ಲಿ ಅದು ಹೇಗೆ, ಎಂದು ತಿಳಿಯುವ ಸಂಶೋಧನೆ.

ಬರುತ್ತಾ ಮೇಡಂ ಎಂದು ನಿಮ್ಮಮ್ಮ ಕೇಳಿದಳು. ಡಾಕ್ಟರಮ್ಮ ಕನ್ನಡಕ ಮೇಲೆ ತಳ್ಳಿಕೊಂಡು, "ಗೊತ್ತಿಲ್ಲ. ಅದಕ್ಕೇ ನಿಮ್ಮನ್ನ ಕೇಳ್ತಿರೋದು" ಅಂದರು.

ಅಷ್ಟು ಓದಿದವರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ನಾನು ಅವತ್ತೇ ಮೊದಲು ಕೇಳಿದ್ದು. ನನಗೆ ಯಾಕೋ ಬಹಳ ಸಂತೋಷವಾಯಿತು. ನನ್ನಂಥವಳಿಂದ ಅವರಿಗೂ ಏನೋ ಗೊತ್ತಾಗುವುದಿದೆ ಅನಿಸಿತು. ಒಪ್ಪಿಗೆಯ ಕಾಗದದ ಜೊತೆ ಹೆಬ್ಬೆಟ್ಟಿನ ಮಸಿಯ ಡಬ್ಬಿ ಮುಂದಿಟ್ಟಿದ್ದರು. ನಾನು ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ತೆಗೆದುಕೊಂಡು ಪೂರ್ತಿ ಹೆಸರು ಬರೆದೆ.

ಸಂಶೋಧನೆಗೆ ಸೇರಿದ ನಮಗೆಲ್ಲ, ಹೇಳಬೇಕಾದ್ದನ್ನು ಬರೆದಿಡಲು ಒಂದೊಂದು ನೋಟುಪುಸ್ತಕ, ಕೈಗೆ ಕಟ್ಟಿಕೊಳ್ಳುವ ಒಂದೊಂದು ಪಟ್ಟಿ ಕೊಟ್ಟರು. ಬೂದಿ ಬಣ್ಣದ ರಬ್ಬರಿನ ಪಟ್ಟಿ, ಅದರೊಳಗೆ ಹೆಜ್ಜೆ ಎಣಿಸಿ ಅಂಕಿ ತೋರಿಸುವ ಯಂತ್ರ. ದಿನದ ಹೆಜ್ಜೆ ಮುಗಿದರೆ ಹಸಿರು ದೀಪ ಹತ್ತಿ ಗುರ್‍ರೆಂದು ನಡುಗುತ್ತಿತ್ತು. ಸ್ನಾನಕ್ಕೆ ಬಿಟ್ಟು ಬೇರೆ ಹೊತ್ತಿನಲ್ಲಿ ಬಿಚ್ಚಬಾರದು ಎಂದಿದ್ದರು. ನಿಮ್ಮ ತಾತ ಹೋದ ಮೇಲೆ ನನ್ನ ಕೈಗೆ ಬಳೆಯಿರಲಿಲ್ಲ. ಬರಿಗೈಗೆ ಈಗ ಇದೇನು ಎಂದು ಊರವರು ನೋಡಿಯಾರು ಎಂದು ನಾಚಿಕೆಯಾಗಿ, ಹಳೆಯ ರವಿಕೆಯ ಬಟ್ಟೆಯಲ್ಲಿ ಒಂದು ಚೀಲದಂತೆ ಹೊಲಿದು ಅದರೊಳಗೆ ಪಟ್ಟಿಯನ್ನು ಮುಚ್ಚಿಟ್ಟು ಕಟ್ಟಿಕೊಂಡೆ. ಕೇಳಿದವರಿಗೆ ಕೈ ಉಳುಕಿದೆ ಎನ್ನುತ್ತಿದ್ದೆ.

ತಿಂಗಳಿಗೊಮ್ಮೆ ಡಾಕ್ಟರಮ್ಮನ ತಂಡ ವ್ಯಾನಿನಲ್ಲಿ ಕೊಳ್ಳೇಗಾಲಕ್ಕೆ ಬರುತ್ತಿತ್ತು. ಒಂದು ಸಮುದಾಯ ಭವನದಲ್ಲಿ ನಾವು ಹದಿನಾರು ಹೆಂಗಸರು ಸೇರುತ್ತಿದ್ದೆವು. ಯಳಂದೂರು ಕಡೆಯವರು, ಹನೂರು ಕಡೆಯವರು, ಕೊಳ್ಳೇಗಾಲದ ಪೇಟೆಯವರು. ಎಲ್ಲರ ತಲೆಯ ಮೇಲೂ ನನ್ನ ಹಾಗೇ ಹೊಸ ಕೂದಲು. ರಾಮಾಪುರದಿಂದ ಬರುತ್ತಿದ್ದ ಒಬ್ಬಾಕೆ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಮಾತಿನ ನಡುವೆ ತಮಿಳು ನುಗ್ಗುತ್ತಿತ್ತು. ಅವಳಿಗೆ ಎಮ್ಮೆ ಎರಡು, ಬಾಯಿ ಒಂದೇ ಆದರೂ ಎಮ್ಮೆಗಳಿಗಿಂತ ದೊಡ್ಡದು. ನಾನು ಹೇಳಬೇಕಾದ್ದನ್ನೂ ಅವಳೇ ಹೇಳಿಬಿಡುತ್ತಿದ್ದುದರಿಂದ ನನಗೆ ಅವಳ ಪಕ್ಕ ಬಹಳ ಅನುಕೂಲವಾಗಿತ್ತು.

ಭವನದ ಮೂಲೆಯಲ್ಲಿ ಪರದೆ ಕಟ್ಟಿ, ಮಂಚ ಹಾಕಿ, ಅಲ್ಲೇ ಎಕೋ ಮಾಡುತ್ತಿದ್ದರು. ಮೊದಲ ಸಲ ಯಂತ್ರದ ಹುಡುಗಿ ನನ್ನ ಕೊರಳಿನ ಶಿವದಾರವನ್ನು ತೋರಿಸಿ, ಇದನ್ನು ತೆಗೆದಿಡಿ ಅಂದಳು. ಕರಡಿಗೆಯೊಳಗಿನ ಲಿಂಗ ಮೈಮೇಲಿಂದ ಇಳಿಯಬಾರದು. ನಾನು ಹುಟ್ಟಿದಾಗ ಕಟ್ಟಿದ್ದು. ಆಪರೇಷನ್ ದಿನವೂ ನರ್ಸಮ್ಮ ಅದನ್ನು ನನ್ನ ಎಡ ರಟ್ಟೆಗೆ ಬಿಗಿಯಾಗಿ ಕಟ್ಟಿದ್ದರು. ಬಾಯಿಬಿಟ್ಟು ಹೇಳಲಾರದೆ ದಾರವನ್ನು ಹಿಡಿದುಕೊಂಡು ಕೂತೇ ಇದ್ದೆ. ಡಾಕ್ಟರಮ್ಮ ಬಂದು ನೋಡಿ, ಎಡಕ್ಕೆ ಹೊರಳಿ ಮಲಗಿ, ಎಡಗೈ ತಲೆಯ ಹತ್ತಿರ ಬರುತ್ತಲ್ಲ, ಅಂಗೈಯಲ್ಲಿ ಇಟ್ಟುಕೊಳ್ಳಿ ಎಂದರು. ದಿನಾ ಪೂಜೆಯಲ್ಲಿ ಲಿಂಗ ಕೂರುವುದೂ ಎಡ ಅಂಗೈಯಲ್ಲೇ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ಅವರು ತಂಪಾದ ಅಂಟನ್ನು ಹಚ್ಚಿ ಎದೆಯ ಮೇಲೆ ಯಂತ್ರ ಒತ್ತಿದಾಗ ಅದರ ಟಿವಿಯಲ್ಲಿ ನನ್ನ ಹೃದಯ ಕಂಡಿತು. ಗುಬ್ಬಿಮರಿ ಬಾಯಿ ತೆರೆದು ಮುಚ್ಚಿದ ಹಾಗೆ ಏನೋ ಒಂದು ತೆರೆದು ಮುಚ್ಚುತ್ತಿತ್ತು. ಸದ್ದು ಕೇಳಿಸಿದಾಗ ಕಾಲುವೆಯ ಕಲ್ಲಿನ ಮೇಲೆ ಯಾರೋ ಒದ್ದೆ ಬಟ್ಟೆ ಕುಕ್ಕುತ್ತಿರುವಂತಿತ್ತು. ಐವತ್ತೆಂಟು ವರ್ಷ ಇದು ನನ್ನನ್ನು ಕೇಳದೆ ಒಳಗೆ ಬಟ್ಟೆ ಒಗೆಯುತ್ತಿತ್ತೇ ಎಂದು ನಗು ಬಂತು. ನಗಬೇಡಿ ಅಮ್ಮ, ಚಿತ್ರ ಅಲುಗಾಡುತ್ತೆ ಎಂದಳು ಹುಡುಗಿ.

ನಾಲ್ಕು ತಿಂಗಳು ಹೀಗೇ ಚೆನ್ನಾಗಿ ನಡೆಯಿತು. ಐದನೆಯ ತಿಂಗಳು ಡಾಕ್ಟರಮ್ಮ ಎಲ್ಲರ ಪಟ್ಟಿಗಳನ್ನೂ ಫೋನಿನ ಹತ್ತಿರ ಹಿಡಿದು ಲೆಕ್ಕ ತೆಗೆದುಕೊಂಡ ಮೇಲೆ ನನ್ನನ್ನು ಎದ್ದು ನಿಲ್ಲಿಸಿದರು. ಈ ತಿಂಗಳು ಎಲ್ಲರಿಗಿಂತ ಹೆಚ್ಚು ನಡೆದವರು ಇವರು ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ನನಗೆ ಸೆರಗು ಎಳೆದುಕೊಳ್ಳುವುದೇ ಕೆಲಸವಾಯಿತು. ಕೆಲವು ದಿನ ನೀವು ಕೊಳ್ಳೇಗಾಲದಿಂದ ಹನೂರಿಗೆ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು, ನಡೆದಷ್ಟು ನಡೆದಿದ್ದೀರಿ ಅಂದರು. ಅಷ್ಟು ನಡೆದದ್ದು ನನಗೆ ನೆನಪಿರಲಿಲ್ಲ. ಆದರೆ ಯಂತ್ರ ಸುಳ್ಳು ಹೇಳುತ್ತದೆಯೇ ಎಂದುಕೊಂಡೆ.

ಆಮೇಲೆ ಪರದೆಯ ಹಿಂದೆ ಎಕೋ. ಈ ಸಲ ಡಾಕ್ಟರಮ್ಮ ಎರಡು ಸಲ ನೋಡಿದರು, ಮೂರು ಸಲ ನೋಡಿದರು. ಮುಖದ ಮೇಲಿನ ನಗು ನಿಧಾನಕ್ಕೆ ಇಳಿಯಿತು. ಹೃದಯ ಸುಸ್ತಾಗಿದೆ, ಸೂಜಿಯನ್ನು ಒಂದು ತಿಂಗಳಾದರೂ ನಿಲ್ಲಿಸಬೇಕು, ಮೈಸೂರಿನ ಹೃದಯದ ಡಾಕ್ಟರು ಮಾತ್ರೆ ಬರೆದುಕೊಡುತ್ತಾರೆ ಎಂದರು. ನನಗೆ ಇನ್ನೂ ಆರು ಸೂಜಿ ಬಾಕಿಯಿತ್ತು. ಸೂಜಿಯಿಲ್ಲದ ಆ ದಿನಗಳಲ್ಲಿ ಗಂಟು ಮತ್ತೆ ಬಂದರೆ? ಹೃದಯ ಸರಿಹೋಗದೆ ಆ ಆರು ಸೂಜಿ ಸಿಗದೇ ಹೋದರೆ? ನನ್ನ ಮನಸ್ಸಿನಲ್ಲಿ ಇವೆರಡೇ ತಿರುಗುತ್ತಿದ್ದವು. ತೊಟ್ಟಿಲಿನಲ್ಲಿದ್ದ ಚಿಕ್ಕವನು ನನ್ನನ್ನು ಅಜ್ಜಿ ಎಂದು ಕೂಗುವುದನ್ನು ಕೇಳಬೇಕು ಎಂಬುದು ಬಿಟ್ಟರೆ ನನಗೆ ಬೇರೆ ಆಸೆಯಿರಲಿಲ್ಲ.

ಇನ್ನೊಂದು ಮಾತನ್ನೂ ಡಾಕ್ಟರಮ್ಮ ಹೇಳಿದರು. ಇಷ್ಟೊಂದು ನಡೆದೂ ಹೃದಯ ಇಳಿದಿರುವುದು ಅವರಿಗೆ ಅರ್ಥವಾಗುತ್ತಿಲ್ಲ, ಅತಿಯಾಗಿ ನಡೆದದ್ದೇ ಹೆಚ್ಚಾಯಿತೋ ಏನೋ, ಮೈಸೂರಿನ ದೊಡ್ಡವರನ್ನು ಕೇಳುತ್ತೇನೆ, ಅಲ್ಲಿಯವರೆಗೆ ನೀವು ಸಂಜೆ ನಡೆಯಬೇಡಿ, ಪಟ್ಟಿ ಮಾತ್ರ ಕಟ್ಟಿಕೊಂಡಿರಿ ಎಂದರು. ಪರದೆಯ ಆಚೆ ಕೂತಿದ್ದ ರಾಮಾಪುರದವಳ ಕಿವಿಗೆ ಇದು ಬೀಳದೆ ಇರುತ್ತದೆಯೇ? ಬಸ್ಸು ಹತ್ತುವಾಗ ನನ್ನ ಕೈ ಹಿಡಿದುಕೊಂಡು ಹೇಳಿದಳು.

"ಅಕ್ಕ, ನಡ್ದು ನಡ್ದು ನಿನ್ ಎದೆ ಸವೆದೋಯ್ತಂತಲ್ಲ. ನಾನಂತೂ ನಾಳೆಯಿಂದ ಎಮ್ಮೆ ಪಕ್ಕದಾಗೆ ಮನೀಕತೀನಿ ಕಣಕ್ಕ. ನಡಿಗೆನೂ ಬ್ಯಾಡ, ಗಿಡಿಗೆನೂ ಬ್ಯಾಡ."

ಹೇಳಿದಂತೆಯೇ ಅವಳು ನಡೆಯುವುದನ್ನು ನಿಲ್ಲಿಸಿಬಿಟ್ಟಳು. ಫೋನು ಮಾಡಿ ಅದನ್ನು ಹೆಮ್ಮೆಯಿಂದ ನನಗೆ ತಿಳಿಸಿದಳು ಕೂಡ.

ನಮ್ಮ ಮನೆಯಲ್ಲಿ ಆಗ ರೇಷ್ಮೆಹುಳು ನಾಲ್ಕನೇ ಜ್ವರಕ್ಕೆ ಬಂದಿತ್ತು. ನಿಮಗೆ ಗೊತ್ತಿರುವುದೇ. ಹುಳು ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ನಿಂತುಬಿಡುತ್ತದಲ್ಲ, ಅದಕ್ಕೆ ನಾವು ಜ್ವರ ಎನ್ನುವುದು. ಜ್ವರ ಬಿಟ್ಟು ಎದ್ದ ಮೇಲೆ ಅದರ ಹಸಿವಿಗೆ ಸೊಪ್ಪು ಹಾಕಿ ಪೂರೈಸುವುದಿಲ್ಲ. ನಿಮ್ಮಪ್ಪ ತೋಟದಿಂದ ಸೊಪ್ಪು ತರುವುದು, ನಾನು ಹುಳುಮನೆಯಲ್ಲಿ ಹಾಸುವುದು. ಬಲಗೈಯಲ್ಲಿ ಭಾರ ಎತ್ತಬಾರದೆಂದು ಹುಳು ಸಾಕುವ ಅಂತಸ್ತುಗಳಲ್ಲಿ ನನಗೆ ಕೆಳಗಿನ ಅಟ್ಟಣೆ ಮಾತ್ರ. ನಿಮ್ಮಮ್ಮ ಹುಳುಮನೆಯ ಹೊರಗಿನ ಪಡಸಾಲೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದಳು. ತಲೆಯ ಮೇಲಿನ ತೊಲೆಯಿಂದ ಸೀರೆಯ ತೊಟ್ಟಿಲು, ತೊಟ್ಟಿಲಿನಿಂದ ಒಂದು ದಾರ ಅವಳ ಕಾಲ್ಬೆರಳಿಗೆ. ಕೈ ಸೊಪ್ಪಿನ ಕೆಲಸ ಮಾಡುತ್ತಿದ್ದರೆ ಕಾಲು ಮಗುವನ್ನು ತೂಗುತ್ತಿತ್ತು. ಚಿಕ್ಕವನು ತೊಟ್ಟಿಲು ನಿಂತ ಕೂಡಲೇ ಕಿರುಚುತ್ತಿದ್ದ, ಹಾಗಾಗಿ ಅವಳ ಕಾಲಿಗೆ ಬಿಡುವೇ ಇರಲಿಲ್ಲ.

ಹುಳುಮನೆಗೆ ಹೊರಗಿನ ವಾಸನೆ ಆಗದು. ಇದು ನಮ್ಮತ್ತೆಯ ಕಾಲದಿಂದ ಬಂದ ಕಟ್ಟು. ಬೀಡಿ ಸೇದಿದವರನ್ನು ಬಿಡುವುದಿಲ್ಲ, ಪೌಡರು ಹಚ್ಚಿಕೊಂಡವರನ್ನು ಬಿಡುವುದಿಲ್ಲ, ಸೊಳ್ಳೆಬತ್ತಿ ಹಚ್ಚಿದ ಕೋಣೆಯಿಂದ ಬಂದವರು ಸೀರೆ ಬದಲಿಸಿಯೇ ಒಳಗೆ ಬರಬೇಕು. ಆ ಪಟ್ಟಿಗೆ ರಬ್ಬರಿನ ವಾಸನೆ, ಜೊತೆಗೆ ಆಸ್ಪತ್ರೆಯವರು ಒರೆಸಿದ ಸ್ಪಿರಿಟ್ಟಿನ ವಾಸನೆ. ಹುಳು ಕೆಟ್ಟರೆ ಏನು ಗತಿ ಎಂದು ನಾನು ಮೊದಲ ದಿನದಿಂದಲೂ ಕೈಕಾಲು ತೊಳೆಯುವಾಗಲೇ ಬಟ್ಟೆಯ ಚೀಲ ಬಿಚ್ಚಿ ಪಟ್ಟಿಯನ್ನು ಹೊರತೆಗೆದು, ಕೈಗೆ ಸಿಗುವ ಹಾಗಿರಲಿ ಎಂದು ತೊಟ್ಟಿಲಿನ ಹಗ್ಗಕ್ಕೆ ಸಿಕ್ಕಿಸಿ ಒಳಗೆ ಹೋಗುತ್ತಿದ್ದೆ. ಬಿಚ್ಚಬಾರದು ಎಂದಿದ್ದರು, ನಿಜ. ಆದರೆ ಹುಳುಮನೆಯ ಕಟ್ಟು ಅವರಿಗೇನು ಗೊತ್ತು? ಒಂದೆರಡು ಗಂಟೆ ತಾನೇ ಎಂದುಕೊಂಡಿದ್ದೆ. ಹುಳು ದೊಡ್ಡದಾದಂತೆ ಆ ಎರಡು ಗಂಟೆ ಐದು ಗಂಟೆಯಾಗಿತ್ತು, ಅದು ನನ್ನ ಗಮನಕ್ಕೆ ಬಂದಿರಲಿಲ್ಲ.

ಸಂಜೆಯ ನಡಿಗೆ ನಿಲ್ಲಿಸಿ ನಾಲ್ಕೋ ಐದೋ ದಿನವಾಗಿರಬೇಕು. ಮಧ್ಯಾಹ್ನ ಸೊಪ್ಪು ಹಾಸಿ ಹೊರಗೆ ಬಂದು ಪಟ್ಟಿ ತೆಗೆದುಕೊಳ್ಳಲು ಕೈ ಚಾಚಿದೆ. ಹಗ್ಗದ ಮೇಲೆ ಹಸಿರು ದೀಪ ಹತ್ತಿತು. ಪಟ್ಟಿ ಗುರ್‍ರೆಂದು ನಡುಗಿತು. ಚಿಕ್ಕವನು ನಿದ್ದೆಯಲ್ಲೇ ಒಮ್ಮೆ ನಕ್ಕ.

ನಾನು ಅವತ್ತು ಬೀದಿಗೇ ಇಳಿದಿರಲಿಲ್ಲ. ಬೆಳಗಿನಿಂದ ನಡೆದದ್ದು ಅಡುಗೆಮನೆಯಿಂದ ಹುಳುಮನೆಗೆ ಮಾತ್ರ. ಹಾಗಾದರೆ ದಿನದ ಹೆಜ್ಜೆಯನ್ನೆಲ್ಲ ನಡೆದವರು ಯಾರು? ಪಟ್ಟಿಯ ಮೇಲಿನ ಅಂಕಿಯನ್ನು ನೋಡುತ್ತಾ, ನಿಮ್ಮಮ್ಮನಿಗೆ ತೂಗು ಎಂದೆ. ಅವಳು ಕಾಲು ಆಡಿಸಿದಳು. ತೊಟ್ಟಿಲು ಆ ಕಡೆ ಹೋದಾಗ ಒಂದು, ಈ ಕಡೆ ಬಂದಾಗ ಒಂದು. ಅಂಕಿ ಏರುತ್ತಾ ಹೋಯಿತು.

ನಿಮ್ಮಮ್ಮ ಸೊಪ್ಪನ್ನು ಕೆಳಗೆ ಬಿಟ್ಟು ನಗಲು ಶುರು ಮಾಡಿದಳು. ಕಾಲು ತೂಗುತ್ತಲೇ ಇತ್ತು, ನಿಂತರೆ ಮಗು ಏಳುತ್ತದಲ್ಲ. ನನಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಅತ್ತೆ, ಅನೂರ್ಗಂಟ ನಡ್ಕೊಂಡೋದವ್ನು ಇವ್ನೆ. ಚಪ್ಪಾಳೆ ಒಡೆಸ್ಕೊಂಡವ್ರು ನೀವು."

ನಗು ನಿಂತ ಮೇಲೆ ಇಬ್ಬರಿಗೂ ಒಟ್ಟಿಗೇ ಅದರ ಮುಂದಿನದು ಹೊಳೆಯಿತು. ಅವಳು ತಗ್ಗಿದ ದನಿಯಲ್ಲಿ ಹೇಳಿದಳು.

"ಇದ ಅವ್ರತ್ರ ಏಳ್ಬ್ಯಾಡಿ ಅತ್ತೆ. ಮೊದ್ಲೆ ಬಿಚ್ಬ್ಯಾಡಿ ಅಂದವ್ರೆ. ಅವ್ರ ಲೆಕ್ಕದಿಂದ ಎಸ್ರು ತೆಗ್ದಾಕ್ಬುಟ್ರೆ? ಇನ್ನ ಆರು ಸೂಜಿ ಅದೆ. ನಂಗೆ ನೀವು ಬೇಕು."

ಸೂಜಿ ಬೇರೆ, ಸಂಶೋಧನೆ ಬೇರೆ ಎಂದು ನಮಗೆ ಆಗ ತಿಳಿದಿರಲಿಲ್ಲ. ಒಂದರಿಂದ ತೆಗೆದರೆ ಎರಡರಿಂದಲೂ ತೆಗೆಯುತ್ತಾರೆ ಎಂದೇ ನಂಬಿದ್ದೆವು. ಅವಳು ಹೆದರಿದ್ದು ನನಗೋಸ್ಕರ. ನಂಗೆ ನೀವು ಬೇಕು ಎಂದು ಸೊಸೆಯ ಬಾಯಲ್ಲಿ ಕೇಳಿಸಿಕೊಂಡವರು ಊರಲ್ಲಿ ಎಷ್ಟು ಜನರಿದ್ದಾರೆ? ನಾನು ಒಳಗೆ ಹೋಗಿ ಹುಳಗಳ ಮುಂದೆ ನಿಂತೆ. ಅವು ತಲೆಯೆತ್ತದೆ ತಿನ್ನುತ್ತಿದ್ದವು.

ಮೂರು ವಾರ ಯೋಚನೆ ಮಾಡಿದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಹೇಳದೆ ಇರುವುದಂತೂ ನನಗೆ ಜೀವಮಾನದ ಅಭ್ಯಾಸ. ಆದರೆ ಡಾಕ್ಟರಮ್ಮ ಹೇಳಿದ್ದ ಗೊತ್ತಿಲ್ಲ ಎಂಬ ಮಾತು ಬಿಡಲೊಲ್ಲದು. ಗೊತ್ತಿಲ್ಲದೆ ಇರುವುದು ತೊಂದರೆಯಲ್ಲ, ಅವರು ಕೇಳಿ ತಿಳಿಯುತ್ತಾರೆ. ನನ್ನಿಂದ ಅವರಿಗೆ ತಪ್ಪು ಗೊತ್ತಾದರೆ ಮತ್ತೆ ಕೇಳುವುದೇ ಇಲ್ಲವಲ್ಲ. ನಡೆದರೆ ಎದೆ ಸವೆಯುತ್ತದೆ ಎಂದು ಬರೆದುಬಿಟ್ಟರೆ, ನಾನು ನೋಡದ ಯಾವ ಊರಿನಲ್ಲೋ ಎಷ್ಟು ಹೆಂಗಸರು ನಡೆಯುವುದನ್ನು ಬಿಡುತ್ತಾರೆ? ಅಷ್ಟು ದೂರ ಯಾಕೆ, ರಾಮಾಪುರದವಳು ಆಗಲೇ ಎಮ್ಮೆಯ ಪಕ್ಕದಲ್ಲಿ ಮಲಗಿದ್ದಳು.

ನೋಟುಪುಸ್ತಕದಲ್ಲಿ ಬರೆದೆ. ಹುಳುಮನೆಗೆ ಹೋಗುವಾಗ ಪಟ್ಟಿಯನ್ನು ಬಿಚ್ಚಿ ತೊಟ್ಟಿಲಿಗೆ ಹಾಕುತ್ತಿದ್ದೆ. ತೊಟ್ಟಿಲು ತೂಗಿದ್ದನ್ನು ಅದು ಹೆಜ್ಜೆ ಎಂದು ಎಣಿಸಿದೆ. ನಾನು ಅಷ್ಟು ನಡೆದಿಲ್ಲ, ತಪ್ಪಾಯಿತು. ಕೆಳಗೆ ಪೂರ್ತಿ ಹೆಸರು. ನಿಮ್ಮಮ್ಮನಿಗೆ ತೋರಿಸಿದೆ. ಓದಿ, ಪುಸ್ತಕ ಮಡಚಿ, ಮಗೂನೂ ಕರ್ಕೊಂಡು ಓಗವ, ಸಾಕ್ಷಿಗೆ ಎಂದಳು.

ಕೊಳ್ಳೇಗಾಲದ ಭವನಕ್ಕೆ ಹೋದ ಕೂಡಲೇ ಪುಸ್ತಕವನ್ನು ಡಾಕ್ಟರಮ್ಮನ ಕೈಗೆ ಕೊಟ್ಟೆ. ಎಕೋ ಆಗುವ ಮೊದಲೇ ಕೊಡಬೇಕೆಂದು ದಾರಿಯಲ್ಲೇ ನಿಶ್ಚಯಿಸಿದ್ದೆ. ಹೃದಯ ಸರಿಯಾಗಿದೆ ಎಂದುಬಿಟ್ಟರೆ ಇನ್ಯಾಕೆ ಹೇಳಲಿ ಅನಿಸುತ್ತಿತ್ತು. ಇನ್ನೂ ಇಳಿದಿದೆ ಎಂದರೆ ಹೇಳುವ ಧೈರ್ಯವೇ ಇರುತ್ತಿರಲಿಲ್ಲ. ಅವರು ನಿಂತಲ್ಲೇ ಓದಿದರು. ಕನ್ನಡಕ ಮೂಗಿನ ತುದಿಗೆ ಬಂತು, ಅದನ್ನು ತಳ್ಳಿಕೊಳ್ಳಲಿಲ್ಲ. ನಿಮ್ಮಮ್ಮನ ಸೊಂಟದ ಮೇಲಿದ್ದ ಚಿಕ್ಕವನನ್ನು ನೋಡಿದರು. ನನ್ನ ಕೈಯಿಂದ ಪಟ್ಟಿ ಬಿಚ್ಚಿಸಿ, ತಮ್ಮ ವೇಲಿನ ತುದಿಗೆ ಕಟ್ಟಿ, ನಿಂತುಕೊಂಡು ತೂಗಿದರು. ಅಂಕಿ ಏರಿತು. ಮತ್ತೆ ತೂಗಿದರು, ಮತ್ತೆ ಏರಿತು. ಹೆಂಗಸರೆಲ್ಲ ಎದ್ದು ಬಂದು ಸುತ್ತ ನಿಂತರು. ಏನು ನಡೆಯುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ.

ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಅಮ್ಮ, ಇದನ್ನ ಎಲ್ಲರಿಗೂ ನೀವೇ ಹೇಳ್ತೀರಾ?" ಎಂದು ಕೇಳಿದರು.

ರಾಮಾಪುರದವಳು ನನ್ನ ಪರವಾಗಿ ಹೇಳಲು ಬಾಯಿ ತೆರೆದಳು, ಆದರೆ ಹೇಳಲು ಅವಳಿಗೆ ಏನೂ ಗೊತ್ತಿರಲಿಲ್ಲ. ಅವಳು ಬಾಯಿ ತೆರೆದುಕೊಂಡೇ ನನ್ನನ್ನು ನೋಡಿದಳು. ನನಗೆ ಹಾಜರಿ ಹೇಳುತ್ತಿದ್ದ ಹುಡುಗಿ ನೆನಪಾದಳು. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು.

"ನಾ ನಡೀನಿಲ್ಲ ಕಣ್ರವ್ವ. ನಡ್ದುದ್ದು ತೊಟ್ಲು."

ಮೊದಲು ಒಬ್ಬಳು ನಕ್ಕಳು, ಅವಳನ್ನು ನೋಡಿ ಇನ್ನೊಬ್ಬಳು. ಡಾಕ್ಟರಮ್ಮನೂ ನೋಟುಪುಸ್ತಕದಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗು ಇನ್ನೂ ಮುಗಿದಿರಲಿಲ್ಲ, ರಾಮಾಪುರದವಳು ಗಲ್ಲದ ಮೇಲೆ ಕೈಯಿಟ್ಟುಕೊಂಡು ಯೋಚಿಸುತ್ತಾ ನಿಂತಿದ್ದವಳು ಹೇಳಿದಳು.

"ಅಂಗಾರೆ ನಾನು ಮೊಸ್ರು ಕಡ್ದುದ್ದೂ ನಡ್ದಂಗೆ ಆಗದೆ ಏನಕ್ಕ? ದಿನಾ ಬೆಳಿಗ್ಗೆ ಕಡೀತೀನಲ್ಲ, ಆವಾಗ್ಲೆ ದೀಪ ಅತ್ಕಂಡುಬುಡ್ತದೆ."

ಅವಳ ಹಿಂದೆ ಯಳಂದೂರಿನ ಕಡೆಯವಳೊಬ್ಬಳು, ಮೊರದಲ್ಲಿ ರಾಗಿ ಕೇರುವಾಗ ತನ್ನದೂ ಹೀಗೇ ಆಗುತ್ತದೆ, ಯಂತ್ರಕ್ಕೆ ಖುಷಿಯಾಗಿದೆ ಎಂದುಕೊಂಡಿದ್ದೆ ಎಂದಳು. ಇನ್ನೊಬ್ಬಳು ತನ್ನದನ್ನು ಮದುವೆ ಮನೆಗೆ ಹೋಗುವಾಗ ಬಿಚ್ಚಿ ಡಬ್ಬಿಯಲ್ಲಿಟ್ಟು, ಅದು ಅಲ್ಲೇ ಇರುವುದನ್ನು ಒಂಬತ್ತು ದಿನ ಮರೆತಿದ್ದಳಂತೆ. ಡಾಕ್ಟರಮ್ಮ ನೆಲದ ಮೇಲೆ ನಮ್ಮ ಜೊತೆ ಕೂತುಬಿಟ್ಟರು. ಒಬ್ಬೊಬ್ಬರನ್ನೂ ಕೇಳಿ ಕೇಳಿ ಬರೆದುಕೊಂಡರು. ಯಾವ ಕೆಲಸ, ಎಷ್ಟು ಹೊತ್ತು, ಯಾವ ಕೈ. ಬೈಯಲಿಲ್ಲ. ನಮ್ಮ ಅಡುಗೆಮನೆ, ಕಣ, ಹುಳುಮನೆಗಳನ್ನು ನಾವು ಅವರಿಗೆ ಅವತ್ತು ಮಧ್ಯಾಹ್ನದವರೆಗೆ ಪಾಠ ಮಾಡಿದೆವು. ನನ್ನನ್ನೂ ಸೇರಿಸಿ ಎಲ್ಲರೂ ಮಾತಾಡಿದರು.

ಕೊನೆಗೆ ಅವರು ನನ್ನ ಹತ್ತಿರ ಬಂದು ಹೇಳಿದರು. ನನ್ನ ಹೆಸರನ್ನು ತೆಗೆಯುವುದಿಲ್ಲ. ತೊಟ್ಟಿಲಿನ ಹೆಜ್ಜೆ ಸೇರಿದ ದಿನಗಳ ಲೆಕ್ಕವನ್ನು ಮಾತ್ರ ಬಿಟ್ಟುಬಿಡುತ್ತಾರೆ, ಯಾಕೆ ಬಿಟ್ಟೆವು ಎಂಬುದನ್ನೂ ಬರೆದಿಡುತ್ತಾರೆ. ಸೂಜಿಗೂ ಇದಕ್ಕೂ ಸಂಬಂಧವೇ ಇಲ್ಲ, ಸಂಶೋಧನೆಯಿಂದ ನಾನೇ ಬಿಟ್ಟು ಹೋದರೂ ಸೂಜಿ ನನ್ನದೇ. ಅದನ್ನು ಸರಿಯಾಗಿ ತಿಳಿಸದೆ ಇದ್ದದ್ದು ತಮ್ಮ ತಪ್ಪು ಎಂದರು. ಸಂಜೆಯ ನಡಿಗೆಯನ್ನು ಮತ್ತೆ ನಿಧಾನವಾಗಿ ಶುರು ಮಾಡಬಹುದೋ ಇಲ್ಲವೋ, ಎಕೋ ನೋಡಿ ಹೇಳುತ್ತೇನೆ ಎಂದರು.

ಪರದೆಯ ಹಿಂದೆ ಎಡಕ್ಕೆ ಹೊರಳಿ ಮಲಗಿದೆ. ಲಿಂಗ ಅಂಗೈಯಲ್ಲಿತ್ತು. ಆ ದಿನ ಟಿವಿಯನ್ನು ನೋಡಲು ಧೈರ್ಯ ಬರಲಿಲ್ಲ, ಕಣ್ಣು ಮುಚ್ಚಿಕೊಂಡೆ. ಒದ್ದೆ ಬಟ್ಟೆಯ ಸದ್ದು ಮಾತ್ರ ಕೇಳಿಸುತ್ತಿತ್ತು. ಹೊರಗೆ ಚಿಕ್ಕವನು ಅಳುತ್ತಿದ್ದ, ಯಾರೋ ಅವನನ್ನು ಸೆರಗಿನಲ್ಲಿ ಹಾಕಿಕೊಂಡು ತೂಗುತ್ತಾ ಲೆಕ್ಕ ಹಾಕಿ ನಗಿಸುತ್ತಿದ್ದರು. ಬಹಳ ಹೊತ್ತಾಯಿತು ಅನಿಸಿತು.

"ಕಣ್ಣು ಬಿಡಿ ಅಮ್ಮ, ಮೇಲೆ ಬಂದಿದೆ. ಮೊದಲಿನಷ್ಟಲ್ಲ, ಆದ್ರೆ ಸೂಜಿ ಶುರು ಮಾಡೋಷ್ಟು ಬಂದಿದೆ."

ನಾನು ನಡಿಗೆ ನಿಲ್ಲಿಸಿದ್ದರಿಂದ ಬಂತೋ, ಮಾತ್ರೆಯಿಂದ ಬಂತೋ ಎಂದು ಕೇಳಿದೆ. ಸೂಜಿಗೆ ಬಿಡುವು ಸಿಕ್ಕಿದ್ದರಿಂದ ಇರಬಹುದು, ಮಾತ್ರೆಯಿಂದ ಇರಬಹುದು, ಒಬ್ಬರನ್ನು ನೋಡಿ ಹೇಳಲಾಗದು, ಅದಕ್ಕೇ ನೀವೆಲ್ಲರೂ ಬೇಕು ಎಂದರು. ಮತ್ತೆ ಅದೇ ಗೊತ್ತಿಲ್ಲ. ಈ ಸಲ ಅದನ್ನು ಕೇಳಿ ಇನ್ನೂ ಹೆಚ್ಚು ಸಂತೋಷವಾಯಿತು. ಸುಳ್ಳು ನಂಬಿಸುವುದಕ್ಕೆ ಅವರಿಗೂ ಮನಸ್ಸಿಲ್ಲ, ನನಗೂ ಇಲ್ಲ.

ನಿಧಾನವಾಗಿ ನಡೆಯಿರಿ ಎಂದು ಅಪ್ಪಣೆಯೂ ಸಿಕ್ಕಿತು. ಬಸ್ ನಿಲ್ದಾಣದ ಹತ್ತಿರ ನಿಮ್ಮಮ್ಮ ಎಲ್ಲರಿಗೂ ಬೆಣ್ಣೆ ಬಿಸ್ಕತ್ತು ಕೊಡಿಸಿದಳು. ರಾಮಾಪುರದವಳು ಮೂರು ತಿಂದು, ನಾಳೆಯಿಂದ ನಡೆಯುತ್ತೇನೆ, ಎಮ್ಮೆಗಳಿಗೂ ನನ್ನ ಜೊತೆ ಬೇಜಾರಾಗಿದೆ ಎಂದಳು.

ಉಳಿದ ಆರು ಸೂಜಿಯೂ ಮುಗಿದವು. ನಡುವೆ ಒಂದು ಸಲವೂ ಹೃದಯ ಇಳಿಯಲಿಲ್ಲ. ಕೊನೆಯ ಸೂಜಿಯ ದಿನ ನರ್ಸಮ್ಮನಿಗೆ ನಮ್ಮ ಮನೆಯ ಬಿಳಿ ರೇಷ್ಮೆಗೂಡು ಒಂದು ಹಿಡಿ ಕೊಟ್ಟೆ, ಇನ್ನೇನು ಕೊಡಲಿ? ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳದ ಸದ್ದು ಕೇಳಿ ಹುಡುಗಿಯಂತೆ ನಕ್ಕರು.

ಸಂಶೋಧನೆಗೆ ಆಮೇಲೆ ಹೊಸದಾಗಿ ಸೇರಿದವರಿಗೆ ಕೊಡಲು ಡಾಕ್ಟರಮ್ಮ ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿದರು. ನನಗೂ ಒಂದು ಪ್ರತಿ ಕೊಟ್ಟಿದ್ದಾರೆ, ನನ್ನ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಯ ಕೆಳಗಿದೆ. ಅದರಲ್ಲಿ ಮೂರನೆಯ ಸಾಲು ಹೀಗಿದೆ: ಮೊಸರು ಕಡೆಯುವಾಗ, ರಾಗಿ ಕೇರುವಾಗ ಪುಸ್ತಕದಲ್ಲಿ ಗುರುತು ಮಾಡಿ, ಹುಳುಮನೆಗೆ ಹೋಗುವಾಗ ಪಟ್ಟಿಯನ್ನು ಬಿಚ್ಚಿ ಗೂಡಿನಲ್ಲಿಡಿ, ತೊಟ್ಟಿಲಿಗೆ ಕಟ್ಟಬೇಡಿ. ಗೂಡು ಎಂದರೆ ಗೋಡೆಯ ಗೂಡು. ಏಳನೆಯ ತರಗತಿಯವರೆಗೆ ಓದಿದ ನನ್ನಿಂದಾಗಿ ಸೇರಿದ ಸಾಲು ಅಚ್ಚಾಗಿದೆ ಎಂದು ನಿಮ್ಮ ತಾತನಿಗೆ ಹೇಳಬೇಕಿತ್ತು.

ಪಟ್ಟಿಯನ್ನು ವಾಪಸು ಕೊಡುವ ಹಿಂದಿನ ವಾರ ಚಿಕ್ಕವನು ನಡೆಯಲು ಕಲಿತ. ತೊಟ್ಟಿಲಿನಿಂದ ಇಳಿದವನು ಒಂದು ಗಳಿಗೆ ಕೂರಲೊಲ್ಲ. ಪಡಸಾಲೆ ದಾಟಿ, ಹೊಸಿಲು ದಾಟಿ, ಬೀದಿಗೆ. ಅವನ ಕಾಲಿಗೆ ಪಟ್ಟಿ ಕಟ್ಟಿ ನೋಡೋಣವೇ ಎಂದು ನನಗೂ ಒಮ್ಮೆ ಅನಿಸಿತು, ಹಾಳೆಯ ಮೂರನೆಯ ಸಾಲು ನೆನಪಾಗಿ ಬಿಟ್ಟೆ. ಪಟ್ಟಿ ನನ್ನ ಕೈಯಲ್ಲೇ ಇತ್ತು, ಬಟ್ಟೆಯ ಚೀಲವಿಲ್ಲದೆ. ಅವನು ಮುಂದೆ, ನಾನು ಹಿಂದೆ. ಶಾಲೆಯ ತನಕ ಹೋಗಿ, ಹುಣಸೆಮರ ಸುತ್ತಿ, ಮತ್ತೆ ಶಾಲೆಯ ತನಕ. ಸಂಜೆಗೆ ಮುಂಚೆಯೇ ಹಸಿರು ದೀಪ ಹತ್ತಿತು.

ಖಾಲಿ ಬುಟ್ಟಿ ಅಟ್ಟದ ಮೇಲಿತ್ತು. ಮಗುವಿನ ಹಿಂದೆ ಹೋಗುವವಳನ್ನು ಎಲ್ಲಿಗೆ ಎಂದು ಯಾವ ಜಗಲಿಯವರೂ ಕೇಳಲಿಲ್ಲ.